ಮುತ್ತಿಗೆಯ ನಡುವೆ ಹೊಲ ಕೊಂಡವನು: ಯೆರೆಮೀಯನ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಸತ್ಯವೇದದ (ಬೈಬಲಿನ) ಪ್ರವಾದಿ ಯೆರೆಮೀಯನಿಗೆ ಬಂದ ಕರೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಳಲನ್ನು ಬೇರೆ ಬೇರೆ ಬಾಯಲ್ಲಿ ಹೇಳುವಂತಿದ್ದುದರಿಂದ, ಅವುಗಳಲ್ಲಿ ಆರನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಒಬ್ಬ ಪ್ರವಾದಿಗೇ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ಇಪ್ಪತ್ತು ವರ್ಷಗಳಿಂದ ಸಂಡೇಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಕಲಿತ ಮಕ್ಕಳಲ್ಲಿ ಇಂದು ಸಭೆಗೆ ಬರುವವರು ಬೆರಳೆಣಿಕೆಯಷ್ಟು. ಎಲೀಯನಿಗೆ ಆಕಾಶದಿಂದ ಬೆಂಕಿ ಇಳಿಯಿತು, ಯೋನನ ಒಂದೇ ಮಾತಿಗೆ ನಿನೆವೆ ಪಟ್ಟಣವೇ ತಿರುಗಿಕೊಂಡಿತು. ಯೆರೆಮೀಯನಿಗೆ ಏನು ಸಿಕ್ಕಿತು? ಸೋತವನಿಂದ ನಾವು ಕಲಿಯಬೇಕಾದದ್ದಾದರೂ ಏನು?

ಉತ್ತರ: ನಿಮ್ಮ ಲೆಕ್ಕ ತಪ್ಪಲ್ಲ. ಯೆರೆಮೀಯನಿಗೆ ಕರೆ ಬಂದದ್ದು ಅರಸನಾದ ಯೋಷೀಯನ ಆಳ್ವಿಕೆಯ 13ನೆಯ ವರ್ಷದಲ್ಲಿ, ಅಂದರೆ ಸುಮಾರು ಕ್ರಿ.ಪೂ. 627ರಲ್ಲಿ, ಯೆರೂಸಲೇಮ್ ಬಾಬೆಲಿನವರ (ಬ್ಯಾಬಿಲೋನಿನವರ) ಕೈಗೆ ಬಿದ್ದದ್ದು ಕ್ರಿ.ಪೂ. 587 ಅಥವಾ 586ರಲ್ಲಿ. ಈ ನಲವತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ, 23 ವರ್ಷಗಳಿಂದ ಎಡೆಬಿಡದೆ ಹೇಳುತ್ತಾ ಬಂದರೂ ನೀವು ಕಿವಿಗೊಡಲಿಲ್ಲ ಎಂದು ಅವನೇ ಜನರ ಮುಂದೆ ಹೇಳಿದ್ದು ಅವನ ಹೆಸರಿನ ಗ್ರಂಥದ 25ನೆಯ ಅಧ್ಯಾಯದಲ್ಲಿದೆ. ಅವನನ್ನು ಕರೆದಾಗ ದೇವರು ಒಪ್ಪಿಸಿದ ಕೆಲಸಗಳನ್ನೂ ಎಣಿಸಿ ನೋಡಿ: ಕೀಳುವುದು, ಕೆಡವುವುದು, ನಾಶಪಡಿಸುವುದು, ಹಾಳುಮಾಡುವುದು, ಕಟ್ಟುವುದು, ನೆಡುವುದು. ಆರರಲ್ಲಿ ನಾಲ್ಕು ಕೆಡಹುವ ಕೆಲಸ. ಜನ ಮೆಚ್ಚುತ್ತಾರೆಂಬ ಭರವಸೆಯನ್ನು ಮೊದಲ ದಿನವೂ ಯಾರೂ ಅವನಿಗೆ ಕೊಟ್ಟಿರಲಿಲ್ಲ.

ಆದರೆ ನೀವು ಸೋಲು ಎಂದು ಕರೆದದ್ದನ್ನು 36ನೆಯ ಅಧ್ಯಾಯದಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಒಂಬತ್ತನೆಯ ತಿಂಗಳು, ಚಳಿಗಾಲ. ಅರಸನಾದ ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಕುಳಿತಿದ್ದಾನೆ, ಎದುರಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಉರಿಯುತ್ತಿದೆ. ಯೆರೆಮೀಯನು ಹೇಳಿ ಬಾರೂಕನು ಬರೆದ ಸುರುಳಿಯನ್ನು ಯೆಹೂದಿ ಎಂಬ ಸೇವಕನು ಓದುತ್ತಾನೆ. ಮೂರು ನಾಲ್ಕು ಅಂಕಣಗಳನ್ನು ಓದಿ ಮುಗಿಸುತ್ತಿದ್ದಂತೆ, ಲೇಖಕರು ಬಳಸುವ ಚೂರಿಯಿಂದ ಅರಸನು ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುವುದು. ಮತ್ತೆ ಓದಿಸುವುದು, ಮತ್ತೆ ಕತ್ತರಿಸುವುದು. ಸಿಟ್ಟಿನಿಂದ ಒಂದೇ ಏಟಿಗೆ ಎಸೆದಿದ್ದರೆ ಅದು ಬೇರೆ ಮಾತಾಗಿತ್ತು. ಇಲ್ಲಿ ಪೂರ್ತಿ ಕೇಳಿಸಿಕೊಂಡು, ಸಾವಧಾನವಾಗಿ, ತುಂಡು ತುಂಡಾಗಿ ಸುಟ್ಟಿದ್ದಾನೆ. ಇದೇ ಅರಸನ ತಂದೆ ಯೋಷೀಯನು ಧರ್ಮಶಾಸ್ತ್ರದ ಗ್ರಂಥವನ್ನು ಓದಿಸಿ ಕೇಳಿದಾಗ ತನ್ನ ಬಟ್ಟೆಯನ್ನು ಹರಿದುಕೊಂಡಿದ್ದನು. ಮಗನು ಬಟ್ಟೆಯನ್ನು ಹರಿದುಕೊಳ್ಳಲಿಲ್ಲ, ಸುರುಳಿಯನ್ನು ಹರಿದನು. ಮುಂದೇನಾಯಿತು? ಯೆರೆಮೀಯನು ಇನ್ನೊಂದು ಸುರುಳಿಯನ್ನು ತೆಗೆದು ಬಾರೂಕನಿಗೆ ಕೊಟ್ಟನು; ಸುಟ್ಟುಹೋದ ಮಾತುಗಳೆಲ್ಲ ಅದರಲ್ಲಿ ಬರೆಯಲ್ಪಟ್ಟವು, ಅಂಥ ಇನ್ನೂ ಅನೇಕ ಮಾತುಗಳು ಸೇರಿಕೊಂಡವು. ನಮ್ಮ ಕೈಗೆ ಬಂದಿರುವ ಯೆರೆಮೀಯನ ಗ್ರಂಥದ ಹಿಂದಿರುವುದು ಈ ಎರಡನೆಯ ಬರವಣಿಗೆ.

ಇನ್ನೊಂದು ಪ್ರಸಂಗವೂ ನಿಮಗೆ ಬೇಕಾದೀತು. ದೇವಾಲಯದ ಅಂಗಳದಲ್ಲಿ ನಿಂತು, ಈ ಆಲಯಕ್ಕೂ, ಹಿಂದೆ ಹಾಳಾಗಿಹೋದ ಆರಾಧನಾ ಸ್ಥಳವಾದ ಶಿಲೋವಿನ ಗತಿಯೇ ಆಗುವುದೆಂದು ಸಾರಿದ್ದಕ್ಕೆ ಯೆರೆಮೀಯನನ್ನು ಕೊಲ್ಲಬೇಕೆಂದು ಯಾಜಕರು ಹಿಡಿದಾಗ, ಊರ ಹಿರಿಯರಲ್ಲಿ ಕೆಲವರು ಎದ್ದು, ಅರಸ ಹಿಜ್ಕೀಯನ ಕಾಲದಲ್ಲಿ ಪ್ರವಾದಿ ಮೀಕನೂ ಇಂಥದೇ ಮಾತನ್ನಾಡಿದ್ದನು, ಆಗ ಯಾರಾದರೂ ಅವನನ್ನು ಕೊಂದರೇ ಎಂದು ಕೇಳಿದರು. ಮೀಕನು ಮಾತನಾಡಿ ಆಗಲೇ ಸುಮಾರು ನೂರು ವರ್ಷಗಳಾಗಿದ್ದವು. ಒಬ್ಬ ಪ್ರವಾದಿಯ ಮಾತು ಮೂರು ನಾಲ್ಕು ತಲೆಮಾರು ಯಾರದೋ ನೆನಪಿನಲ್ಲಿ ಕುಳಿತಿದ್ದು, ಇನ್ನೊಬ್ಬ ಪ್ರವಾದಿಯ ಕೊರಳು ಉಳಿಸಲು ಎದ್ದು ಬಂದಿತು. ಮೀಕನಿಗೆ ಇದು ಗೊತ್ತಾಗುವ ಸಂಭವವೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಯಾರೂ ಕೇಳುತ್ತಿಲ್ಲ ಎಂಬುದು ನಾವು ಸರಿಯಾಗಿ ಹೇಳುತ್ತಿದ್ದೇವೆ ಎಂಬುದಕ್ಕೆ ಸಾಕ್ಷಿಯಲ್ಲ. ಪಾಠವೇ ಸಪ್ಪೆಯಾಗಿದ್ದರೂ ಮಕ್ಕಳು ಬಿಟ್ಟುಹೋಗುತ್ತಾರೆ. ಯೆರೆಮೀಯನು ಕುಂಬಾರನ ಮನೆಗೆ ಹೋಗಿ ತಿಗರಿಯನ್ನು ನೋಡಿ ಬಂದು ಮಾತನಾಡಿದನು, ನೊಗವನ್ನು ಹೆಗಲ ಮೇಲೆ ಹೊತ್ತು ಬೀದಿಗೆ ಬಂದನು, ಮಡಕೆಯನ್ನು ಎಲ್ಲರ ಕಣ್ಣೆದುರಿಗೆ ಒಡೆದನು. ಕೇಳಿಸಬೇಕೆಂಬ ಪ್ರಯತ್ನದಲ್ಲಿ ಅವನು ಯಾವ ಕೊರತೆಯನ್ನೂ ಮಾಡಲಿಲ್ಲ.

ಪ್ರಶ್ನೆ: ಯೆರೆಮೀಯ 29:11 ನನ್ನ ಜೀವನದ ವಚನ. "ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳನ್ನು ನಾನು ಬಲ್ಲೆನು" ಎಂದು ದೇವರು ಹೇಳಿರುವಾಗ, ನನಗೆ ಬೇಕಾದ ಕೆಲಸ ಸಿಗಲಿಲ್ಲವೇಕೆ? ಮೂರು ಸಲ ಪರೀಕ್ಷೆ ಬರೆದಿದ್ದೇನೆ.

ಉತ್ತರ: ಪ್ರಿಯ ಸಹೋದರಿ, ಆ ವಚನವನ್ನು ಗೋಡೆಯಿಂದ ಇಳಿಸಬೇಡಿ, ಆದರೆ ಅದರ ಜೊತೆಗೆ ಅದಕ್ಕೂ ಹಿಂದಿನ ಏಳು ವಚನಗಳನ್ನು ಓದಿ. ಅದು ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡನೆಂಬುದನ್ನು ಬಾಬೆಲಿನವರ ಸ್ವಂತ ವೃತ್ತಾಂತದ ಮಣ್ಣಿನ ಫಲಕವೂ ಹೇಳುತ್ತದೆ. ಆಗ ಸೆರೆಯಾಗಿ ಹೋದವರಿಗೆ ಯೆರೆಮೀಯನು ಯೆರೂಸಲೇಮಿನಿಂದ ಬರೆದು ಕಳುಹಿಸಿದ ಪತ್ರ ಅದು. ಸೆರೆಯವರಿಗೆ ಬೇಕಾಗಿದ್ದ ಸುದ್ದಿ ಒಂದೇ: ಊರಿಗೆ ಯಾವಾಗ ಹೋಗುತ್ತೇವೆ? ಪತ್ರ ಹೇಳಿದ್ದು ಬೇರೆಯೇ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲವನ್ನು ಉಣ್ಣಿರಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ನಿಮ್ಮನ್ನು ಸೆರೆಗೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ. ತಿರುಗಿ ಬರುವುದು 70 ವರ್ಷಗಳು ಕಳೆದ ಮೇಲೆ. ಲೆಕ್ಕ ಹಾಕಿ ನೋಡಿ, ಆ ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚುಕಡಿಮೆ ಯಾರೂ ಆ ದಿನವನ್ನು ಕಾಣುವಂತಿರಲಿಲ್ಲ. ಪತ್ರವನ್ನು ಓದಿ ಕೆರಳಿದ ಶೆಮಾಯನೆಂಬವನು, ಈ ಹುಚ್ಚನನ್ನು ಕೋಳಕ್ಕೆ ಹಾಕಬಾರದೇ ಎಂದು ಯೆರೂಸಲೇಮಿನ ಯಾಜಕನಿಗೆ ಬರೆದನು. ಇಂದು ನಾವು ಉಡುಗೊರೆಯ ಕಾರ್ಡುಗಳ ಮೇಲೆ ಅಚ್ಚು ಹಾಕಿಸುವ ಪತ್ರಕ್ಕೆ ಅಂದು ಸಿಕ್ಕ ಉತ್ತರ ಅದು.

ಇನ್ನೊಂದು ಸಣ್ಣ ಸಂಗತಿ. ನಮ್ಮ ಕನ್ನಡದಲ್ಲಿ 'ನಿಮ್ಮ' ಎಂದರೆ ಒಬ್ಬರಿಗೆ ಕೊಡುವ ಮರ್ಯಾದೆಯೂ ಆಗಬಹುದು; ಆದರೆ ಸತ್ಯವೇದದಲ್ಲಿ ದೇವರು ಒಬ್ಬನೊಡನೆ ಮಾತನಾಡುವಾಗ 'ನೀನು' ಎನ್ನುತ್ತಾನೆ. ಇಲ್ಲಿರುವ 'ನಿಮ್ಮ' ಬಹುವಚನ. ಅದು ಒಂದು ಜನಾಂಗಕ್ಕೆ, ತಲೆಮಾರುಗಳನ್ನು ಒಟ್ಟಿಗೆ ಹಿಡಿದು ಹೇಳಿದ ಮಾತು. ನಿಮ್ಮ ಪರೀಕ್ಷೆಯ ಫಲಿತಾಂಶದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲವೆಂದರೆ ನಿಮಗೆ ನಿರಾಶೆಯಾಗಬಹುದು. ಆದರೆ ಹಾಗೆ ಓದಿದಾಗ ಫಲಿತಾಂಶ ಬಾರದ ಈ ವರ್ಷವೂ ವ್ಯರ್ಥವಾದ ವರ್ಷವಲ್ಲ, ಮನೆ ಕಟ್ಟಿ ತೋಟ ಮಾಡಬಹುದಾದ ವರ್ಷ ಎಂಬುದು ಕಾಣುತ್ತದೆ. ನಾನೂ ಒಮ್ಮೆ, ಮಗುವನ್ನು ಕಳೆದುಕೊಂಡಿದ್ದ ಮನೆಯಲ್ಲಿ, ಹಿಂದುಮುಂದು ನೋಡದೆ ಈ ವಚನವನ್ನು ಓದಿದ್ದೆ. ಆ ತಾಯಿ ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ಮರೆತಿಲ್ಲ. ಅಂದಿನಿಂದ ಪತ್ರವನ್ನು ಮೊದಲಿನಿಂದ ಓದದೆ ಆ ಸಾಲನ್ನು ಬಾಯಿಗೆ ತಂದುಕೊಂಡಿಲ್ಲ.

ಪ್ರಶ್ನೆ: ದೀರ್ಘಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದೇನೆ. ಕೆಲವೊಮ್ಮೆ ಪ್ರಾರ್ಥನೆಯಲ್ಲಿ ದೇವರ ಮೇಲೆಯೇ ಸಿಟ್ಟು ಬರುತ್ತದೆ. ಹಾಗೆ ಮಾತನಾಡುವುದು ಅವಿಶ್ವಾಸವೆಂದು ಮನೆಗೆ ಬರುವ ಸಹೋದರರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಆ ಸಹೋದರರು ಯೆರೆಮೀಯನ 20ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಲಿ. ಯಾಜಕನಾದ ಪಷ್ಹೂರನು ಪ್ರವಾದಿಯನ್ನು ಹೊಡೆಸಿ, ಬೆನ್ಯಾಮೀನ್ ಬಾಗಿಲ ಬಳಿ ಒಂದು ರಾತ್ರಿ ಕೋಳಕ್ಕೆ ಹಾಕಿಸುತ್ತಾನೆ. ಆ ಕಥೆಯ ಬೆನ್ನಿಗೇ ಬರುವ ಪ್ರಾರ್ಥನೆ, ನೀನು ನನ್ನನ್ನು ಮರುಳುಗೊಳಿಸಿದಿ, ನಾನು ಮರುಳಾದೆ ಎಂದು ಆರಂಭವಾಗುತ್ತದೆ. ಇನ್ನು ಅವನ ಹೆಸರೆತ್ತುವುದೇ ಬೇಡವೆಂದುಕೊಂಡರೆ, ಎಲುಬುಗಳಲ್ಲಿ ಬೆಂಕಿ ಹೊತ್ತಿಕೊಂಡಂತಾಗಿ ತಡೆದುಕೊಳ್ಳಲಾರೆ ಎನ್ನುತ್ತಾನೆ. 13ನೆಯ ವಚನದಲ್ಲಿ ಯೆಹೋವನಿಗೆ ಹಾಡಿರಿ ಎಂಬ ಸ್ತುತಿ. ಅದರ ಮರುವಚನದಲ್ಲೇ ನಾನು ಹುಟ್ಟಿದ ದಿನಕ್ಕೆ ಶಾಪ ತಗಲಲಿ ಎಂಬ ಕೂಗು. ನಡುವೆ ಒಂದು ಸಾಲಿನ ಸಮಾಧಾನವೂ ಇಲ್ಲ. ಗ್ರಂಥವನ್ನು ಜೋಡಿಸಿದವರಿಗೆ ಈ ಕ್ರಮವನ್ನು ತಿರುವಿಹಾಕಿ ಶಾಪವನ್ನು ಮೊದಲು, ಸ್ತುತಿಯನ್ನು ಕೊನೆಗೆ ಇಡುವುದು ಕಷ್ಟವಾಗಿರಲಿಲ್ಲ. ಹಾಗೆ ಮಾಡಲಿಲ್ಲ. ನಮ್ಮ ಸಾಕ್ಷಿ ಕೂಟಗಳಲ್ಲಿ ಈ ಪ್ರಾಮಾಣಿಕತೆ ಕಡಿಮೆಯೆಂದೇ ನನ್ನ ಭಾವನೆ. ಅಲ್ಲಿ ಸಂಕಟ ಯಾವಾಗಲೂ ಮುಗಿದುಹೋದ ಸಂಕಟವಾಗಿರುತ್ತದೆ.

ದೇವರು ಕೊಟ್ಟ ಉತ್ತರಗಳೂ ಮೆತ್ತಗಿನವಲ್ಲ. ದುಷ್ಟರೇ ಏಕೆ ಚೆನ್ನಾಗಿದ್ದಾರೆ ಎಂದು ಕೇಳಿದಾಗ, ಕಾಲಾಳುಗಳ ಜೊತೆ ಓಡಿಯೇ ದಣಿದರೆ ಕುದುರೆಗಳೊಡನೆ ಹೇಗೆ ಓಡುವಿ ಎಂಬ ಮರುಪ್ರಶ್ನೆ ಬಂತು. ನೀನು ನನಗೆ ನೀರಿಲ್ಲದೆ ಮೋಸಮಾಡುವ ತೊರೆಯಾದೆಯಾ ಎಂದು ಕೇಳಿದಾಗ, ತಿರುಗಿಕೊಂಡರೆ ಮತ್ತೆ ನನ್ನ ಬಾಯಾಗಿರುವಿ ಎಂದನು. ಗದರಿಕೆ ಇದೆ, ಆದರೆ ಕೆಲಸದಿಂದ ತೆಗೆದುಹಾಕಿಲ್ಲ. ನಿಮ್ಮ ಸಿಟ್ಟನ್ನು ಅವನ ಮುಂದೆಯೇ ಹೇಳಿ. ನಿಮ್ಮನ್ನು ನೋಡಲು ಬರುವವರು ಹತ್ತು ನಿಮಿಷ ಸುಮ್ಮನೆ ಕುಳಿತು ಹೋದರೂ ದೊಡ್ಡ ಉಪಕಾರವಾದೀತು.

ಪ್ರಶ್ನೆ: ಇಬ್ಬರು ಬೋಧಕರು ದೇವರ ಹೆಸರಿನಲ್ಲೇ ಒಂದಕ್ಕೊಂದು ವಿರುದ್ಧವಾದ ಪ್ರವಾದನೆಗಳನ್ನು ಹೇಳುತ್ತಿದ್ದಾರೆ. ಯಾರನ್ನು ನಂಬಬೇಕು?

ಉತ್ತರ: 28ನೆಯ ಅಧ್ಯಾಯ ನಿಮಗಾಗಿಯೇ ಇದೆ. ಎರಡೇ ವರ್ಷಗಳಲ್ಲಿ ಎಲ್ಲರೂ ಬಾಬೆಲಿನಿಂದ ಮರಳುತ್ತಾರೆಂದು ಹನನ್ಯನು ದೇವಾಲಯದಲ್ಲಿ ಘೋಷಿಸಿ, ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದುಹಾಕಿದನು. ಯೆರೆಮೀಯನು ಹೇಳಿದ ಮೊದಲ ಮಾತು "ಆಮೆನ್". ಯೆಹೋವನು ಹಾಗೆಯೇ ಮಾಡಲಿ ಎಂದನು. ಆ ಸಿಹಿ ಮಾತು ನಿಜವಾಗಲೆಂಬ ಆಸೆ ಅವನಿಗೂ ಇತ್ತು. ಸಮಾಧಾನವನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನನ್ನು ದೇವರು ಕಳುಹಿಸಿದನೆಂದು ತಿಳಿಯುವುದೆಂದು ಹೇಳಿ, ನೊಗ ಮುರಿದ ಮೇಲೂ ವಾದಕ್ಕೆ ನಿಲ್ಲದೆ ಅಲ್ಲಿಂದ ಹೊರಟುಹೋದನು. ಮುರಿದ ಮರದ ನೊಗದ ಬದಲು ಕಬ್ಬಿಣದ ನೊಗ ಬರುವುದೆಂಬ ಮಾತು ಅವನಿಗೆ ಬಂದದ್ದು ಆಮೇಲೆ. ಎದುರಾಳಿಗೆ ಒಡನೆಯೇ ಕೊಡಲು ಉತ್ತರವಿಲ್ಲದೆ ಎದ್ದುಹೋಗುವ ಪ್ರವಾದಿಯನ್ನು ನಾನು ಹೆಚ್ಚು ನಂಬುತ್ತೇನೆ. ನಿಮ್ಮ ಇಬ್ಬರು ಬೋಧಕರಲ್ಲಿ ಯಾರ ಮಾತು ಕೇಳುಗರ ನಡತೆಯನ್ನು ಪ್ರಶ್ನಿಸುತ್ತದೆ, ಯಾರದು ಅವರ ಆಸೆಗೆ ದೇವರ ಮುದ್ರೆಯನ್ನು ಒತ್ತಿಕೊಡುತ್ತದೆ ಎಂಬುದನ್ನೂ ಗಮನಿಸಿ. 23ನೆಯ ಅಧ್ಯಾಯದಲ್ಲಿ ಯೆರೆಮೀಯನು ಇಟ್ಟ ಒರೆಗಲ್ಲು ಇದೇ.

ಪ್ರಶ್ನೆ: ಪ್ರವಾದಿಗಳ ಜೀವನ ದೊಡ್ಡವರಿಗಾಯಿತು. ನನ್ನಂಥ ಸಾಮಾನ್ಯ ವಿಶ್ವಾಸಿಗೆ ಈ ಕಥೆಯಲ್ಲಿ ಜಾಗವೆಲ್ಲಿ?

ಉತ್ತರ: ಬಾವಿಯ ದಂಡೆಯ ಮೇಲೆ. ಅಧಿಕಾರಿಗಳು ಯೆರೆಮೀಯನನ್ನು ಹಗ್ಗದಿಂದ ಇಳಿಸಿದ ಆ ಬಾವಿಯಲ್ಲಿ ನೀರಿರಲಿಲ್ಲ, ಕೆಸರಿತ್ತು. ಅವನು ಕೆಸರಿನಲ್ಲಿ ಹೂತುಹೋದನು. ಅರಸನ ಬಳಿಗೆ ಹೋಗಿ ಇದು ಅನ್ಯಾಯವೆಂದು ಹೇಳಿದವನು ಯಾಜಕನಲ್ಲ, ಯೆಹೂದ್ಯನೂ ಅಲ್ಲ. ಕೂಷ್ ದೇಶದಿಂದ ಬಂದ, ಅರಮನೆಯಲ್ಲಿ ಸೇವೆಗಿದ್ದ ಎಬೆದ್ಮೆಲೆಕನು. ಅಪ್ಪಣೆ ಪಡೆದವನು ನೇರವಾಗಿ ಬಾವಿಗೆ ಓಡಲಿಲ್ಲ. ಮೊದಲು ಅರಮನೆಯ ಉಗ್ರಾಣಕ್ಕೆ ಹೋಗಿ ಹಳೆಯ ಚಿಂದಿ ಬಟ್ಟೆಗಳನ್ನು ಆರಿಸಿಕೊಂಡನು. ಅವನ್ನು ಹಗ್ಗದಲ್ಲಿ ಇಳಿಬಿಟ್ಟು, ಹಗ್ಗ ಒತ್ತದಂತೆ ಕಂಕುಳಲ್ಲಿ ಇಟ್ಟುಕೋ ಎಂದು ಹೇಳಿದನು. ಕೆಸರಿನಿಂದ ಒಬ್ಬನನ್ನು ಎಳೆಯುವಾಗ ಹಗ್ಗ ಎಲ್ಲಿ ಕೊಯ್ಯುತ್ತದೆಂದು ಮುಂಚೆಯೇ ಯೋಚಿಸಿದ್ದನು. ಸತ್ಯವೇದವು ಆ ಚಿಂದಿಯ ವಿವರವನ್ನು ಬಿಡದೆ ದಾಖಲಿಸಿದೆ, ಪಟ್ಟಣ ಬಿದ್ದ ದಿನ ಅವನ ಪ್ರಾಣ ಉಳಿಯುವುದೆಂಬ ದೇವರ ವಾಗ್ದಾನವನ್ನೂ 39ನೆಯ ಅಧ್ಯಾಯದಲ್ಲಿ ಬರೆದಿಟ್ಟಿದೆ.

ಪ್ರಶ್ನೆ: ನಮ್ಮ ಕೂಟದಲ್ಲಿ ಬೋಧಿಸುವ ಒಬ್ಬರು, ಯೆರೆಮೀಯನು ಯುದ್ಧಕಾಲದಲ್ಲೂ ಹೊಲ ಕೊಂಡನು, ನೀವೂ ವಿಶ್ವಾಸದಿಂದ ಸಾಲ ಮಾಡಿಯಾದರೂ ಜಮೀನು ಕೊಳ್ಳಿರಿ, ದೇವರು ಬೆಲೆ ಏರಿಸುತ್ತಾನೆ ಎನ್ನುತ್ತಾರೆ. ಇದು ಆ ಕಥೆಯ ಸರಿಯಾದ ಅರ್ಥವೇ?

ಉತ್ತರ: ಅಲ್ಲ. ಕೈಮುಗಿದು ಕೇಳಿಕೊಳ್ಳುತ್ತೇನೆ, ಆ ಮಾತಿನ ಮೇಲೆ ಸಾಲಪತ್ರಕ್ಕೆ ಸಹಿ ಹಾಕಬೇಡಿ. ಆದರೆ 32ನೆಯ ಅಧ್ಯಾಯ ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದಾದುದರಿಂದ, ಅದನ್ನು ತಪ್ಪರ್ಥದ ಕೈಯಲ್ಲಿ ಬಿಟ್ಟು ಹೋಗಲಾರೆ.

ಅದು ಚಿದ್ಕೀಯನ ಆಳ್ವಿಕೆಯ 10ನೆಯ ವರ್ಷ. ಬಾಬೆಲಿನ ಸೈನ್ಯವು ಯೆರೂಸಲೇಮಿನ ಗೋಡೆಗೆ ಎದುರಾಗಿ ಮಣ್ಣಿನ ದಿಬ್ಬಗಳನ್ನು ಏರಿಸಿದೆ. ಒಳಗೆ ಹಸಿವು, ಅಂಟುರೋಗ. ಪಟ್ಟಣ ಬೀಳುವುದು ಖಂಡಿತವೆಂದು ಹೇಳಿದ ತಪ್ಪಿಗೆ ಯೆರೆಮೀಯನು ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಆ ಕಾಲದ ಉಸಿರುಕಟ್ಟಿದ ಸ್ಥಿತಿಗೆ ಹೊರಗಿನ ಸಾಕ್ಷಿಯೂ ಇದೆ: ಲಾಕೀಷ್ ಕೋಟೆಯ ಅವಶೇಷಗಳಲ್ಲಿ 1935ರಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲಿನ ಪತ್ರಗಳಲ್ಲಿ ಒಂದು, ಲಾಕೀಷಿನ ಸಂಕೇತಗಳಿಗಾಗಿ ಕಾಯುತ್ತಿದ್ದೇವೆ, ಅಜೇಕ ಕಾಣಿಸುತ್ತಿಲ್ಲ ಎನ್ನುತ್ತದೆ. ಕೊನೆಗೆ ಉಳಿದಿದ್ದ ಕೋಟೆಗಳೆಂದು ಯೆರೆಮೀಯನ 34ನೆಯ ಅಧ್ಯಾಯ ಹೆಸರಿಸುವುದು ಇವೆರಡನ್ನೇ.

ಇಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ನೆಂಟನ ಜಮೀನನ್ನು ಕೊಂಡು ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಯೆರೆಮೀಯನ ಸ್ವಂತ ಊರಾದ ಅನಾತೋತ್ ಯೆರೂಸಲೇಮಿನಿಂದ ಕೆಲವೇ ಕಿಲೋಮೀಟರ್ ದೂರ. ಮುತ್ತಿಗೆ ಹಾಕಿದವರ ಕಾಲಡಿಯಲ್ಲಿದ್ದ ನೆಲ. ಅಲ್ಲಿಯವರು ಹಿಂದೊಮ್ಮೆ ಯೆರೆಮೀಯನನ್ನು ಕೊಲ್ಲಲು ಸಂಚು ಮಾಡಿದ್ದರು, ಸ್ವಂತ ಅಣ್ಣತಮ್ಮಂದಿರೇ ಅವನಿಗೆ ದ್ರೋಹ ಬಗೆದಿದ್ದರು. ಆ ಊರಿನ ನೆಂಟನೊಬ್ಬ ಈಗ, ಸೆರೆಯಲ್ಲಿರುವವನ ಬಳಿಗೆ, ಯಾರಿಗೂ ಬೇಡವಾದ ಹೊಲವನ್ನು ಮಾರಲು ಬಂದಿದ್ದಾನೆ. ಬಾಗಿಲು ತೋರಿಸಿ ಕಳುಹಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಹನಮೇಲನು ಬರುವನೆಂದು ಯೆರೆಮೀಯನಿಗೆ ಮೊದಲೇ ಮಾತು ಬಂದಿತ್ತು. ಆದರೂ 8ನೆಯ ವಚನವನ್ನು ಗಮನಿಸಿ: ಅವನು ನಿಜವಾಗಿಯೂ ಬಂದು ನಿಂತಾಗ, "ಆಗ ಇದು ಯೆಹೋವನ ಮಾತೆಂದು ತಿಳಿದುಕೊಂಡೆನು" ಎನ್ನುತ್ತಾನೆ. ಇಷ್ಟು ವರ್ಷ ಪ್ರವಾದಿಯಾಗಿದ್ದವನೂ ಬಾಗಿಲು ತಟ್ಟುವವರೆಗೆ ಖಚಿತವಾಗಿ ಹೇಳಲಿಲ್ಲ. ವೇದಿಕೆಯ ಮೇಲೆ ನಿಂತು ಉಸಿರಿಗೊಮ್ಮೆ 'ದೇವರು ನನಗೆ ಹೇಳಿದನು' ಎನ್ನುವವರಿಗೆ ಈ ಒಂದು ವಚನವನ್ನು ಯಾರಾದರೂ ಓದಿಸಬೇಕು.

ಬೆಲೆ 17 ಶೆಕೆಲ್ ಬೆಳ್ಳಿ. ಶೆಕೆಲ್ ಎಂದರೆ ಆಗ ನಾಣ್ಯವಲ್ಲ, ತೂಕ. ಒಟ್ಟು ಇನ್ನೂರು ಗ್ರಾಮಿಗೆ ತುಸು ಕಡಿಮೆ. ಅದನ್ನು ತಕ್ಕಡಿಯಲ್ಲಿ ತೂಗಿಕೊಟ್ಟನು. ಕ್ರಯಪತ್ರ ಬರೆದು, ಸಾಕ್ಷಿಗಳ ಸಹಿ ಹಾಕಿಸಿ, ಮುದ್ರೆ ಹಾಕಿದ ಒಂದು ಪ್ರತಿ, ತೆರೆದಿಟ್ಟ ಒಂದು ಪ್ರತಿ, ಎರಡನ್ನೂ ಅಂಗಳದಲ್ಲಿದ್ದ ಎಲ್ಲರ ಮುಂದೆ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡು ಎಂದನು. ಮಣ್ಣಿನ ಪಾತ್ರೆಗಳು ಬರಹವನ್ನು ಎಷ್ಟು ಕಾಲ ಕಾಯಬಲ್ಲವೆಂಬುದನ್ನು 1947ರಲ್ಲಿ ಮೃತ ಸಮುದ್ರದ ದಡದ ಗುಹೆಗಳು ಜಗತ್ತಿಗೆ ತೋರಿಸಿದವು. ಸುಮಾರು ಎರಡು ಸಾವಿರ ವರ್ಷಗಳ ಹಳೆಯ ಸುರುಳಿಗಳು ಜಾಡಿಗಳಲ್ಲಿದ್ದವು. ಕಾಗದಪತ್ರದ ಈ ಶಿಸ್ತಿನಲ್ಲೇ ನನಗೆ ಅವನ ವಿಶ್ವಾಸ ಕಾಣಿಸುತ್ತದೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೇತೋಟಗಳನ್ನು ಜನರು ಮತ್ತೆ ಕೊಳ್ಳುವರು ಎಂದು ಬಾಯಲ್ಲಿ ಹೇಳಿದರೆ ಸಾಲದೆಂದು, ಮುಂದೆ ಬರುವ ಆ ಸಂತೆಯ ಮೊದಲ ಗಿರಾಕಿ ತಾನೇ ಆದನು.

ನಿಮ್ಮ ಬೋಧಕರ ಮಾತಿಗೂ ಇದಕ್ಕೂ ಇರುವ ಅಂತರ ಈಗ ತಿಳಿದಿರಬಹುದು. ಯೆರೆಮೀಯನು ಸಾಲ ಮಾಡಲಿಲ್ಲ, ತನ್ನ ಬಳಿಯಿದ್ದ ಬೆಳ್ಳಿಯನ್ನು ಕೊಟ್ಟನು. ಲಾಭಕ್ಕಾಗಿ ಕೊಳ್ಳಲಿಲ್ಲ, ಮದುವೆಯಾಗಬಾರದೆಂಬ ಅಪ್ಪಣೆಯಿದ್ದ ಅವನಿಗೆ ಆ ಹೊಲವನ್ನು ಬಿಟ್ಟುಹೋಗಲು ಮಕ್ಕಳೂ ಇರಲಿಲ್ಲ. ನಾಶ ಬರುವುದೇ ಇಲ್ಲವೆಂದು ನಂಬಿ ಕೊಂಡವನೂ ಅವನಲ್ಲ, ಅದು ಬಂದೇ ತೀರುವುದೆಂದು ನಾಡಿಗೆಲ್ಲ ಸಾರಿದವನು. ಅದನ್ನು ಒಪ್ಪಿಕೊಂಡ ಕೈಯಿಂದಲೇ ಬೆಳ್ಳಿ ತೂಗಿದನು.

ಪತ್ರವನ್ನು ಕೊಟ್ಟ ಮೇಲೆ ಅವನು ಪ್ರಾರ್ಥಿಸುತ್ತಾನೆ. ಆಕಾಶಗಳನ್ನು ಸೃಷ್ಟಿಸಿದವನೇ, ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಎಂದು ಆರಂಭಿಸಿ, ಮೋಶೆಯ ಕಾಲದಿಂದ ಎಲ್ಲವನ್ನೂ ಸ್ಮರಿಸಿ, ಕೊನೆಗೆ 25ನೆಯ ವಚನದಲ್ಲಿ ಬಾಯಿಬಿಡುತ್ತಾನೆ: ಪಟ್ಟಣವು ಕಲ್ದೀಯರ (ಬಾಬೆಲಿನವರ) ಕೈಗೆ ಹೋಗುತ್ತಿರುವಾಗ, ಹೊಲ ಕೊಂಡು ಸಾಕ್ಷಿ ಹಾಕಿಸೆಂದು ನನಗೆ ಹೇಳಿದೆಯಲ್ಲಾ! ಸಂಶಯವನ್ನು ಸಹಿಗೆ ಮೊದಲು ಹೇಳಿ ತಪ್ಪಿಸಿಕೊಳ್ಳಲಿಲ್ಲ, ಸಹಿ ಆದ ಮೇಲೆ ನುಂಗಿಕೊಳ್ಳಲೂ ಇಲ್ಲ.

ಅವನು ಆ ಹೊಲದಲ್ಲಿ ಒಂದು ಕಾಳನ್ನೂ ಬಿತ್ತಿದಂತೆ ಗ್ರಂಥದಲ್ಲಿಲ್ಲ. ಪಟ್ಟಣ ಬಿದ್ದ ಮೇಲೆ ಉಳಿದ ಜನರು, ಬೇಡವೆಂದರೂ ಕೇಳದೆ, ಅವನನ್ನೂ ಬಾರೂಕನನ್ನೂ ಐಗುಪ್ತ್ಯಕ್ಕೆ ಕರೆದೊಯ್ದರು. ಅಲ್ಲಿಯ ತಹಪನೇಸ್ ಪಟ್ಟಣದಲ್ಲಿ ಅವನ ಮಾತು ಕೇಳಿಸುತ್ತದೆ, ಊರಿಗೆ ಮರಳಿದ ಸುದ್ದಿಯಿಲ್ಲ. ಪತ್ರವಿದ್ದ ಪಾತ್ರೆಯನ್ನು ಯಾರು ತೆರೆದರೆಂಬುದೂ ಬರೆದಿಲ್ಲ. ಆದರೆ ಪಾರಸಿಯ ಅರಸ ಕೋರೆಷನ ಅಪ್ಪಣೆಯಿಂದ ಸೆರೆಯಿಂದ ಹಿಂದಿರುಗಿದವರ ಪಟ್ಟಿ ಎಜ್ರನ ಗ್ರಂಥದ 2ನೆಯ ಅಧ್ಯಾಯದಲ್ಲಿದೆ. ಊರೂರಿನ ಹೆಸರು ಮತ್ತು ತಲೆ ಲೆಕ್ಕ ಬಿಟ್ಟರೆ ಬೇರೇನೂ ಇಲ್ಲದ, ನಾವು ಸಾಮಾನ್ಯವಾಗಿ ಹಾರಿಸಿ ಓದುವ ಪುಟ ಅದು. ಅದರ 23ನೆಯ ವಚನ: ಅನಾತೋತಿನವರು 128 ಮಂದಿ.